ಕಡಲತಳ ಬೆಟ್ಟವಾದ ಬಗೆ: ಸಂಡೂರಿನ ಅದಿರು, ಹಂಪಿಯ ಬಂಡೆ

ತುಂಗಭದ್ರೆಯ ದಕ್ಷಿಣ ದಂಡೆಯಲ್ಲಿ, ಒಂದೇ ದಿನದಲ್ಲಿ ಸುತ್ತಿ ಬರಬಹುದಾದಷ್ಟು ಹತ್ತಿರದಲ್ಲಿ, ಎರಡು ಜಾತಿಯ ಬೆಟ್ಟಗಳಿವೆ. ಹೊಸಪೇಟೆಯಿಂದ ಹಂಪಿ, ಕಮಲಾಪುರ, ಕಂಪ್ಲಿಯ ಕಡೆ ಹೋದರೆ ಗುಂಡುಗಳ ಮೇಲೆ ಗುಂಡು ಕೂತ ಗ್ರಾನೈಟ್ ಗುಡ್ಡಗಳು. ಸಂಡೂರಿನ ಕಡೆ ತಿರುಗಿದರೆ ಜಂಬುನಾಥ ಬೆಟ್ಟದಿಂದಲೇ ಶುರುವಾಗುವ, ಮೈಲಿಗಟ್ಟಲೆ ಸಮನಾಗಿ ಸಾಗುವ, ಕಾಡು ಹೊದ್ದ ಕೆಂಪು ಬೆಟ್ಟಸಾಲುಗಳು. ಮೊದಲನೆಯವು ನೆಲದಾಳದಲ್ಲಿ ಕರಗಿದ್ದ ಶಿಲಾಪಾಕ ಆರಿ ಗಟ್ಟಿಯಾದವು. ಎರಡನೆಯವು ಕಡಲತಳದಲ್ಲಿ ಕೂತ ಗಸಿಯಿಂದಾದವು. ಹುಟ್ಟು ಇಷ್ಟು ಬೇರೆಯಾದರೂ ಇಂದು ಅವು ತಲೆಯೆತ್ತಿ ನಿಂತಿರುವುದಕ್ಕೆ ಕಾರಣ ಒಂದೇ: ಸುತ್ತಲಿನ ಮೆದು ಭಾಗ ಸವೆದು ಕೊಚ್ಚಿಹೋಗಿದೆ, ಗಟ್ಟಿ ಭಾಗ ಉಳಿದಿದೆ. ಹಂಪಿಯನ್ನು ರಾಜಧಾನಿಯೆಂದೂ ಸಂಡೂರನ್ನು ಗಣಿಯೆಂದೂ ಬೇರೆಬೇರೆ ಪುಸ್ತಕಗಳಲ್ಲಿ ಓದುವುದು ರೂಢಿ. ಕಲ್ಲಿನ ಇತಿಹಾಸದಲ್ಲಿ ಮಾತ್ರ ಅವೆರಡನ್ನೂ ಬಿಡಿಸಲು ಬರುವುದಿಲ್ಲ.

ಎರಡರಲ್ಲಿ ಸಂಡೂರು ಹಿರಿಯದು. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ಅದರ ತಳದ ಬಿರುಕುಗಳಿಂದ ಲಾವಾ ಉಕ್ಕುತ್ತಿತ್ತು. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಟ್ಟನೆ ಆರಿ, ಒಳಗಿನ ಬಿಸಿಪಾಕ ಆ ಸಿಪ್ಪೆಯೊಡೆದು ಹೊರಬಂದು, ಒಂದರ ಮೇಲೊಂದು ಉಬ್ಬಿದ ಗುಪ್ಪೆಗಳಾಗುತ್ತದೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಇಂಥದ್ದೇ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಸಂಡೂರಿನ ಶಿಲಾಪಟ್ಟಿಯಲ್ಲೂ ದಿಂಬು ಲಾವಾ ಇದೆ. ಇಂದು ಸಮುದ್ರದಿಂದ ನೂರಾರು ಕಿಲೋಮೀಟರ್ ದೂರವಿರುವ ಈ ನೆಲ ಒಮ್ಮೆ ನೀರಿನಡಿ ಇತ್ತೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಆ ಕಡಲು ಎಲ್ಲ ಕಡೆ ಒಂದೇ ಆಳದ್ದಾಗಿರಲಿಲ್ಲ. ದೇವಗಿರಿಯ ಸುತ್ತಿನ ಸುಣ್ಣಶಿಲೆಯಲ್ಲಿ ಸ್ಟ್ರೊಮಾಟೊಲೈಟ್‌ಗಳು ಸಿಕ್ಕಿವೆ. ಬಿಸಿಲು ತಲುಪುವ ತೆಳುನೀರಿನಲ್ಲಿ ಸೂಕ್ಷ್ಮಜೀವಿಗಳು ಅಂಟುಪೊರೆಯಂತೆ ಹರಡಿ, ತೇಲಿಬಂದ ಕಣಗಳನ್ನು ಹಿಡಿದಿಟ್ಟು, ಪದರದ ಮೇಲೆ ಪದರ ಕಟ್ಟುತ್ತ ಹೋದ ಗುರುತುಗಳಿವು. ಬಿಸಿಲು ಬೇಕಾದ ಜೀವಿಗಳು ಆಳದಲ್ಲಿ ಬೆಳೆಯಲಾರವು. ಹಾಗಾಗಿ ಆ ಭಾಗ ಆಳವಿಲ್ಲದ ಕರಾವಳಿಯಾಗಿತ್ತೆಂದು ತಿಳಿಯುತ್ತದೆ. ದೋಣಿಮಲೈ ಕಡೆಯ ಶಿಲೆಗಳಿಂದಲೂ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳು ವರದಿಯಾಗಿವೆ. ಭಾರತದ ನೆಲದಲ್ಲಿ ಬದುಕಿನ ತೀರ ಹಳೆಯ ಕುರುಹುಗಳನ್ನು ಹುಡುಕುವವರಿಗೆ ಸಂಡೂರು ಬಿಡಲಾಗದ ಊರು.

ಈ ಜೀವಿಗಳಿಗೂ ಕಬ್ಬಿಣಕ್ಕೂ ನಂಟಿದೆ. ಅಂದಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಡಲತಳದ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ತುಕ್ಕು ಹಿಡಿಯದೆ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಹೊರಬಿಟ್ಟ ಆಮ್ಲಜನಕ ತಾಗಿದಲ್ಲಿ ಕಬ್ಬಿಣ ಆಕ್ಸೈಡ್ ಆಗಿ ತಳಕ್ಕಿಳಿಯಿತು ಎಂಬುದು ಬಹುಕಾಲದಿಂದ ಒಪ್ಪಿತವಾದ ವಿವರಣೆ. ಕಬ್ಬಿಣದ ಗಸಿ ಕಡಿಮೆಯಾದಾಗ ಸಿಲಿಕಾದ ಗಸಿ ಕೂತಿತು, ಅದರ ಮೇಲೆ ಮತ್ತೆ ಕಬ್ಬಿಣ. ಹೀಗೆ ಬೆರಳಗಲದ, ಕೆಲವು ಕಡೆ ಕೂದಲೆಳೆಯಷ್ಟು ತೆಳ್ಳನೆಯ, ಕೆಂಪು ಮತ್ತು ಕಪ್ಪು ಪಟ್ಟೆಗಳು ಸಾವಿರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ಏರಿದವು. ಕಪ್ಪು ಪಟ್ಟೆಯಲ್ಲಿರುವುದು ಹೆಮಟೈಟ್ ಅಥವಾ ಮ್ಯಾಗ್ನಟೈಟ್. ಕೆಂಪು ಪಟ್ಟೆ ಕಬ್ಬಿಣದ ಬಣ್ಣ ಹತ್ತಿದ ಸಿಲಿಕಾ. ಸಂಡೂರಿನ ಯಾವುದಾದರೂ ರಸ್ತೆ ಕಡಿದ ಬದಿಯಲ್ಲಿ ಒಂದು ಚೂರನ್ನು ಎತ್ತಿಕೊಂಡರೆ ಅಂಗೈಗೆ ಭಾರವೆನಿಸುತ್ತದೆ. ಅದರ ಅಂಚನ್ನು ಒದ್ದೆ ಮಾಡಿ ನೋಡಿದರೆ ಪಟ್ಟೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಮ್ಯಾಂಗನೀಸ್ ಕೂಡ ಇದೇ ಕಡಲಿನಲ್ಲಿ ತಳಕ್ಕಿಳಿದದ್ದು. ದೇವಗಿರಿಯ ಮ್ಯಾಂಗನೀಸ್ ಗಣಿಗಳ ಮೂಲ ಅಲ್ಲಿದೆ.

ಮುಂದೆ ಭೂಚಿಪ್ಪಿನ ಒತ್ತಡಕ್ಕೆ ಸಿಕ್ಕಿ ಈ ಪದರಗಳೆಲ್ಲ ಮಡಚಿಕೊಂಡವು. ಮಲಗಿದ್ದ ಪದರಗಳು ಎರಡೂ ಬದಿಗಳಲ್ಲಿ ಮೇಲೆದ್ದು, ನಡುವೆ ತಗ್ಗಾಗಿ, ಇಡೀ ಪಟ್ಟಿ ದೋಣಿಯಾಕಾರಕ್ಕೆ ಬಂತು. ಸಂಡೂರು ಕಣಿವೆಯ ಎರಡು ಬದಿಗೂ ವಾಯವ್ಯದಿಂದ ಆಗ್ನೇಯಕ್ಕೆ ಬೆಟ್ಟಗೋಡೆಗಳಿರುವುದು ಈ ಮಡಿಕೆಯಿಂದಾಗಿ. ಪಟ್ಟೆಗಲ್ಲಿನ ಸಿಲಿಕಾ ಮಳೆಗೆ ಸುಲಭವಾಗಿ ಬಗ್ಗುವುದಿಲ್ಲ. ಜೊತೆಗಿದ್ದ ಲಾವಾಶಿಲೆ, ಮಣ್ಣುಶಿಲೆಗಳು ಬೇಗ ಕೊಳೆತವು. ಕಬ್ಬಿಣದ ಪಟ್ಟಿ ಏಣಾಗಿ ಉಳಿಯಿತು, ಮೆದುಶಿಲೆ ಕಣಿವೆಯಾಯಿತು. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ರಾಮನದುರ್ಗ ಇಂಥ ಏಣಿನ ಮೇಲಿದೆ.

ನಾರಿಹಳ್ಳದ ದಾರಿ ಇಲ್ಲಿ ನೋಡತಕ್ಕದ್ದು. ಕಣಿವೆಯ ನೀರನ್ನೆಲ್ಲ ಕೂಡಿಸಿಕೊಳ್ಳುವ ಈ ಹಳ್ಳ ಬೆಟ್ಟಸಾಲನ್ನು ಬಳಸಿಕೊಂಡು ಹೋಗುವುದಿಲ್ಲ. ಭೀಮಗಂಡಿ, ಓಬಳಗಂಡಿಗಳಲ್ಲಿ ಅಡ್ಡಲಾಗಿ ಸೀಳಿಕೊಂಡೇ ಹೊರಬಿದ್ದು ದರೋಜಿ ಕೆರೆಯತ್ತ ಸಾಗುತ್ತದೆ. ಅಷ್ಟು ಸಣ್ಣ ಹಳ್ಳಕ್ಕೆ ಎದ್ದು ನಿಂತ ಬೆಟ್ಟವನ್ನು ಕೊರೆಯುವ ಕಸುವಿಲ್ಲ. ಬೆಟ್ಟಗಳು ಇಷ್ಟು ಎದ್ದು ಕಾಣುವ ಮೊದಲೇ, ನೆಲದ ಮಟ್ಟ ಇಂದಿಗಿಂತ ಬಹಳ ಮೇಲಿದ್ದಾಗಲೇ, ಹಳ್ಳ ಈ ದಾರಿ ಹಿಡಿದಿತ್ತು ಎಂದರೆ ಮಾತ್ರ ಇದು ಅರ್ಥವಾಗುತ್ತದೆ. ನೆಲ ಸವೆಯುತ್ತ ಕೆಳಗಿಳಿದಂತೆ ಹಳ್ಳವೂ ತನ್ನ ಜಾಗದಲ್ಲೇ ಕೆಳಕ್ಕೆ ಕೊರೆಯಿತು. ಎರಡು ಬದಿಗಳಲ್ಲಿ ಗಟ್ಟಿಶಿಲೆ ಗೋಡೆಯಾಗಿ ಉಳಿದುಕೊಂಡಿತು.

ಗ್ರಾನೈಟ್ ಬಂದದ್ದು ಕಡಲಿನ ಕಾಲ ಮುಗಿದ ಮೇಲೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಚಿಪ್ಪಿನ ತಳದಿಂದ ಶಿಲಾಪಾಕ ಮೇಲೇರಿತು. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಶಿಲೆ ಅದು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ, ಇಪ್ಪತ್ತು ಮೂವತ್ತು ಕಿಲೋಮೀಟರ್ ಅಗಲ ಹಬ್ಬಿದ ಈ ಪಟ್ಟಿ ಹೊಸಪೇಟೆಯ ಸೀಮೆಯವರೆಗೂ ಬರುತ್ತದೆ. ಹಂಪಿಯ ಗ್ರಾನೈಟುಗಳೂ ಹೆಚ್ಚುಕಡಿಮೆ ಇದೇ ಯುಗದವು. ದಕ್ಷಿಣ ಭಾಗ ಹೆಚ್ಚು ಮೇಲೆದ್ದು ಹೆಚ್ಚು ಸವೆದದ್ದರಿಂದ ರಾಮನಗರದ ಕಡೆ ಕಾಣುವುದು ಆಳದ ಬೇರು, ಹೊಸಪೇಟೆಯ ಕಡೆ ಕಾಣುವುದು ಅದೇ ವ್ಯವಸ್ಥೆಯ ಮೇಲಿನ ಹಂತ. ಪಾಕ ನಿಧಾನವಾಗಿ ಆರಿದ್ದರಿಂದ ಹರಳುಗಳಿಗೆ ಬೆಳೆಯಲು ಸಮಯ ಸಿಕ್ಕಿತು. ಹಂಪಿಯ ಅನೇಕ ಬಂಡೆಗಳ ಮೈಮೇಲೆ ತಿಳಿಗುಲಾಬಿ ಅಥವಾ ಬೂದು ಬಣ್ಣದ, ಆಯತಾಕಾರದ, ಹೆಬ್ಬೆರಳಿನ ಉಗುರಿಗಿಂತ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ.

ಆರಿದ ಗ್ರಾನೈಟು ಕುಗ್ಗಿದಾಗ ಅದರಲ್ಲಿ ಸೀಳುಗಳು ಮೂಡಿದವು. ಮೇಲಿದ್ದ ಕಿಲೋಮೀಟರುಗಟ್ಟಲೆ ಶಿಲೆ ಸವೆದು ಭಾರ ಇಳಿದಂತೆ ನೆಲಕ್ಕೆ ಸಮಾನಾಂತರವಾಗಿ ಇನ್ನಷ್ಟು ಬಿರುಕುಗಳು ಬಿಟ್ಟವು. ಉದ್ದ, ಅಡ್ಡ, ಮಟ್ಟಸ ಸೀಳುಗಳು ಸೇರಿ ಇಡೀ ಶಿಲೆ ಮಣ್ಣಿನಡಿಯಲ್ಲೇ ಚೌಕಾಕಾರದ ಕಲ್ಲುಗಳಾಗಿ ಪಾಲಾಯಿತು. ಉಳಿದ ಕೆಲಸ ಮಳೆನೀರಿನದು. ಗಾಳಿಯ ಇಂಗಾಲಾಮ್ಲವನ್ನೂ ಮಣ್ಣಿನ ಹುಳಿಯನ್ನೂ ಹೊತ್ತ ನೀರು ಸೀಳುಗಳಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸುತ್ತದೆ. ಬೆಣಚು ಮಾತ್ರ ಹರಳಾಗಿಯೇ ಉಳಿಯುತ್ತದೆ. ಚೌಕದ ಮುಖಕ್ಕೆ ನೀರು ಒಂದು ಬದಿಯಿಂದ ತಾಗಿದರೆ ಅಂಚಿಗೆ ಎರಡು ಬದಿಯಿಂದ, ಮೂಲೆಗೆ ಮೂರು ಬದಿಯಿಂದ ತಾಗುತ್ತದೆ. ಮೂಲೆ ಮೊದಲು ಕೊಳೆತು, ಚೌಕ ಗುಂಡಗಾಗುತ್ತದೆ. ಸುತ್ತ ಕೊಳೆತ ಗರಸು, ನಡುವೆ ಗಟ್ಟಿ ತಿರುಳು. ಸೀಳುಗಳು ಒತ್ತೊತ್ತಾಗಿದ್ದಲ್ಲಿ ಸಣ್ಣ ಗುಂಡುಗಳು, ದೂರದೂರ ಇದ್ದಲ್ಲಿ ಮನೆಯಷ್ಟು ದೊಡ್ಡವು.

ಆ ಮೇಲೆ ತುಂಗಭದ್ರೆ ಮತ್ತು ಅದರ ಹಳ್ಳಗಳು ಗರಸನ್ನು ತೊಳೆದುಕೊಂಡು ಹೋದವು. ಆಸರೆಯಾಗಿದ್ದ ಪುಡಿ ಹೋದಾಗ ಗುಂಡುಗಳು ಇದ್ದಲ್ಲಿಯೇ ಒಂದರ ಮೇಲೊಂದು ಕೂತವು. ಮತಂಗ, ಮಾಲ್ಯವಂತ, ಹೇಮಕೂಟ, ಹೊಳೆಯಾಚೆಯ ಅಂಜನಾದ್ರಿ ಎಲ್ಲವೂ ಹೀಗೆ ಮೈಮುಚ್ಚಿದ್ದ ಮಣ್ಣು ಕಳಚಿ ಹೊರಬಂದವು. ಯಾರೋ ಎಸೆದ ಹಾಗೆ, ಪೇರಿಸಿಟ್ಟ ಹಾಗೆ ಅವು ಕಾಣುವುದರಿಂದ ಕಿಷ್ಕಿಂಧೆಯ ಕಪಿಗಳ ಕಥೆ ಇಲ್ಲಿ ಬೇರೂರಿದ್ದು ಸಹಜ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಈ ಗುಡ್ಡಗಳನ್ನು ಕಂಡು ಬೆರಗಿನಿಂದ ಬರೆದಿದ್ದಾನೆ.

ಇದೇ ನೆಲದ ಮೇಲೆ ಕಡಲು ಏರಿ ಬಂದಿದ್ದರೆ ಈ ಗುಡ್ಡಗಳು ನೀರಿನೊಳಗಿನ ಬಂಡೆಸಾಲುಗಳಾಗುತ್ತಿದ್ದವು. ಜಗತ್ತಿನ ತಂಪು ಸೀಮೆಯ ತೆಳುಗಡಲುಗಳಲ್ಲಿ ಹಾಗೆಯೇ ಆಗಿದೆ. ಕಳೆದ ಹಿಮಯುಗದ ತುತ್ತತುದಿಯಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ನೀರು ಏರಿದಾಗ ಕರಾವಳಿಯ ಗ್ರಾನೈಟ್ ಗುಡ್ಡಗಳು ಮುಳುಗಿದವು. ಅಲೆಗಳು ಉಳಿದ ಮಣ್ಣನ್ನೂ ಗರಸನ್ನೂ ಗುಡಿಸಿ ಬರಿಬಂಡೆಯನ್ನು ಬಿಟ್ಟವು. ಇಂಗ್ಲೆಂಡಿನ ನೈಋತ್ಯಕ್ಕಿರುವ ಸಿಲ್ಲಿ ದ್ವೀಪಗಳು ಹೀಗೆ ಅರ್ಧ ಮುಳುಗಿದ ಗ್ರಾನೈಟ್ ನಾಡು. ಅಲ್ಲಿ ಬಂಡೆಯ ಬಿರುಕುಗಳಲ್ಲಿ ಕಡಲಪಾಚಿ, ಏಡಿ, ಮೀನುಗಳು ನೆಲೆಸಿದರೆ ಇಲ್ಲಿ ಕರಡಿ, ಚಿರತೆಗಳು ನೆಲೆಸಿವೆ. ದರೋಜಿಯ ಗುಡ್ಡಗಳ ಗುಹೆಗಳೇ ಕರಡಿಗಳ ಮನೆಯಾದ್ದರಿಂದ 1994ರಲ್ಲಿ ಅಲ್ಲಿ ಕರಡಿಧಾಮ ಘೋಷಣೆಯಾಯಿತು.

ಈ ಕಲ್ಲುಗಳನ್ನು ಮನುಷ್ಯ ಗುರುತು ಹಿಡಿದದ್ದು ಬಹಳ ಹಿಂದೆ. ಗ್ರಾನೈಟಿನ ಬಿರುಕುಗಳಲ್ಲಿ ಮುಂದೊಮ್ಮೆ ನುಗ್ಗಿ ಗಟ್ಟಿಯಾದ ಕಪ್ಪು ಡಾಲರೈಟ್ ಪಟ್ಟಿಗಳು ಬಳ್ಳಾರಿಯ ಸುತ್ತಮುತ್ತ ಬೇಕಾದಷ್ಟಿವೆ. ನವಶಿಲಾಯುಗದ ಜನ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಈ ಕಪ್ಪುಕಲ್ಲನ್ನು ಒಡೆದು, ಕೆತ್ತಿ, ಗ್ರಾನೈಟಿನ ಮೇಲೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿದ ತಗ್ಗುಗಳು ಬಂಡೆಗಳ ಮೇಲೆ ಇಂದಿಗೂ ಉಳಿದಿವೆ. ಹೊಳೆಯಾಚೆ ಗಂಗಾವತಿಯ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದವರು ಬಂಡೆಯಿಂದ ತಾನಾಗಿ ಸುಲಿದು ಬಂದ ಚಪ್ಪಡಿಗಳನ್ನು ನಿಲ್ಲಿಸಿ ನೂರಾರು ಶಿಲಾಸಮಾಧಿಗಳನ್ನು ಕಟ್ಟಿದರು. ಭಾರ ಇಳಿದ ಗ್ರಾನೈಟು ಪೊರೆಪೊರೆಯಾಗಿ ಕಳಚುವ ಗುಣವನ್ನು ಅವರು ಚೆನ್ನಾಗಿ ಬಲ್ಲವರು.

14ನೇ ಶತಮಾನದ ಆರಂಭದಲ್ಲಿ ಈ ಸೀಮೆಯನ್ನಾಳಿದ ಕಂಪಿಲರಾಯನ ರಾಜ್ಯಕ್ಕೆ ಈ ಬೆಟ್ಟಗುಡ್ಡಗಳೇ ಬಲವಾಗಿದ್ದವು. 1327ರ ಹೊತ್ತಿಗೆ ದೆಹಲಿ ಸುಲ್ತಾನರ ದಂಡಿಗೆ ಆ ರಾಜ್ಯ ಬಿದ್ದ ಮೇಲೆ, ಸ್ವಲ್ಪ ಕಾಲದಲ್ಲೇ ವಿಜಯನಗರ ತಲೆಯೆತ್ತಿತು. ರಾಜಧಾನಿ ಕಟ್ಟಿದವರು ಗುಡ್ಡಗಳನ್ನು ತೆಗೆದುಹಾಕಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಕೋಟೆಗೋಡೆ ಎಳೆದರು. ಗೋಡೆಯ ಹೊರಮೈಗೆ ಹಿಂದಕ್ಕೆ ಕಿರಿದಾಗುವ ದೊಡ್ಡ ಗ್ರಾನೈಟ್ ದಿಂಡುಗಳನ್ನು ಗಾರೆಯಿಲ್ಲದೆ ಜೋಡಿಸಿ, ಒಳಗೆ ಮಣ್ಣು ಮತ್ತು ಜಲ್ಲಿ ತುಂಬಿದ್ದಾರೆ. 1443ರಲ್ಲಿ ಬಂದ ಪರ್ಷಿಯನ್ ರಾಯಭಾರಿ ಅಬ್ದುಲ್ ರಜಾಕ್ ಊರ ಹೊರಗೆ ಕುದುರೆ ದಂಡು ನುಗ್ಗದಂತೆ ಆಳೆತ್ತರದ ಕಲ್ಲುಗಳನ್ನು ನೆಟ್ಟಿದ್ದನ್ನು ವರ್ಣಿಸಿದ್ದಾನೆ.

ಕಲ್ಲನ್ನು ಒಡೆದ ಬಗೆ ಹಂಪಿಯ ಎಲ್ಲೆಡೆ ಕಾಣುತ್ತದೆ. ಬಂಡೆಯ ನೆತ್ತಿಯಲ್ಲಿ ಒಂದು ಗೆರೆ ಹಿಡಿದು ಬೆರಳುದ್ದದ ಆಯತ ಕುಳಿಗಳನ್ನು ಸಾಲಾಗಿ ಉಳಿಯಿಂದ ಕೊರೆದು, ಒಂದೊಂದರಲ್ಲೂ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸಮನಾಗಿ ಬಲ ಕೊಡುತ್ತಿದ್ದರು. ಹರಳುಗಳ ಒಳಓಟ ಸರಿಯಾಗಿದ್ದರೆ ಬಂಡೆ ಗೆರೆ ಹಿಡಿದೇ ಬಾಯಿ ಬಿಡುತ್ತದೆ. ಅರ್ಧ ಒಡೆದ ಗುಂಡಿನ ಅಂಚಿನಲ್ಲಿ ಹಲ್ಲಿನ ಸಾಲಿನಂತಿರುವ ಗುರುತುಗಳು ಇವು. ಕೆಲವು ಬಂಡೆಗಳಲ್ಲಿ ಕುಳಿ ಕೊರೆದು, ಒಡೆಯದೆ ಹಾಗೆಯೇ ಬಿಟ್ಟಿದ್ದಾರೆ. ಯಾವ ಗುಂಡು ದೋಷವಿಲ್ಲದ್ದೆಂದು ಆರಿಸುವುದು ಕಲ್ಲುಕುಟಿಗನ ದೊಡ್ಡ ವಿದ್ಯೆ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಸುಮಾರು 6.7 ಮೀಟರ್ ಎತ್ತರದ ಉಗ್ರನರಸಿಂಹನನ್ನು ಇದ್ದಲ್ಲಿಯೇ ಇದ್ದ ಒಂದೇ ಬಂಡೆಯಿಂದ ಕಡೆದರು. ಕಡಲೆಕಾಳು ಗಣಪತಿ, ಸಾಸಿವೆಕಾಳು ಗಣಪತಿಗಳೂ ಏಕಶಿಲೆಗಳು. ಭೂಮಿ ಕೋಟ್ಯಂತರ ವರ್ಷ ಕೊಳೆಯಿಸಿ ಮೆದುವನ್ನೆಲ್ಲ ಬೇರ್ಪಡಿಸಿ ಉಳಿಸಿಕೊಟ್ಟ ತಿರುಳು ಶಿಲ್ಪಿಯ ಕೈಗೆ ಬಂದದ್ದರಿಂದಲೇ ಅಂಥ ಗಾತ್ರದ ಕೆಲಸ ಸಾಧ್ಯವಾಯಿತು. ನಯವಾದ ಕೆತ್ತನೆ ಬೇಕಾದಲ್ಲಿ ಗ್ರಾನೈಟ್ ಬಿಟ್ಟು ಹಸುರುಗಪ್ಪು ಶಿಸ್ಟ್ ಕಲ್ಲನ್ನು ಬಳಸಿದ್ದಾರೆ. ಹಜಾರರಾಮ ಗುಡಿಯ ಕಪ್ಪು ಕಂಬಗಳು, ರಾಜಾವರಣದ ಮೆಟ್ಟಿಲು ಪುಷ್ಕರಣಿ ಅಂಥವು. ಪುಷ್ಕರಣಿಯ ಕಲ್ಲುಗಳ ಮೇಲೆ ಯಾವುದು ಯಾವ ಜಾಗಕ್ಕೆ ಎಂಬ ಗುರುತುಗಳನ್ನು ಕೊರೆದಿರುವುದು ಕಾಣುತ್ತದೆ.

ನೀರಾವರಿಗೂ ಬಂಡೆಯೇ ಆಧಾರ. ಹೊಳೆಯ ನಡುವಿನ ಬಂಡೆಗಳು, ನಡುಗಡ್ಡೆಗಳ ನಡುವಿನ ಸಂದುಗಳನ್ನು ಮಾತ್ರ ಕಲ್ಲಿನಿಂದ ಮುಚ್ಚಿ ಅಣೆಕಟ್ಟುಗಳನ್ನು ಕಟ್ಟಿದರು. ಹಂಪಿಯ ತುರ್ತು ಕಾಲುವೆ, ಹೊಸಪೇಟೆಯ ಬಸವಣ್ಣ ಕಾಲುವೆ, ರಾಯ ಕಾಲುವೆ, ಕಂಪ್ಲಿ ಕಾಲುವೆಗಳು ಬಾಳೆ, ಕಬ್ಬು, ಭತ್ತಕ್ಕೆ ಶತಮಾನಗಳಿಂದ ನೀರುಣಿಸುತ್ತ ಬಂದಿವೆ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯವೂ ಮಲ್ಲಾಪುರದ ಬಳಿ ಗುಡ್ಡಗಳ ನಡುವಿನ ಸಂದನ್ನೇ ಹಿಡಿದು, ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ್ದು.

ಕಂಪ್ಲಿಯ ಕಬ್ಬಿಗೂ ಸಂಡೂರಿನ ಬೆಟ್ಟಸಾಲಿಗೂ ಒಂದು ಹಳೆಯ ನಂಟಿತ್ತು. ಜಂಬುನಾಥ ಬೆಟ್ಟದ ಅದಿರನ್ನು ಕಮಲಾಪುರಕ್ಕೆ ತಂದು, ಇದ್ದಿಲಿನ ಕುಲುಮೆಯಲ್ಲಿ ಕರಗಿಸಿ, ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. 19ನೇ ಶತಮಾನದಲ್ಲಿ ಅಗ್ಗದ ವಿಲಾಯತಿ ಕಬ್ಬಿಣ ಬಂದ ಮೇಲೆ ಕರಗಿಸುವ ಕಸುಬು ನಿಂತಿತು. ಹೊರಗಿನ ಕಬ್ಬಿಣದಿಂದ ಕೊಪ್ಪರಿಗೆ ಬಡಿಯುವುದು ಮಾತ್ರ ಉಳಿಯಿತು. ಕಡಲತಳದ ಗಸಿ, ಗ್ರಾನೈಟ್ ನಾಡಿನ ಕುಲುಮೆ, ಹೊಳೆದಂಡೆಯ ಗಾಣ, ಮೂರೂ ಒಂದೇ ಕೈಕಸುಬಿನಲ್ಲಿ ಕೂಡಿದ್ದವು.

ಈ ಶಿಲೆಗಳನ್ನು ಶಾಸ್ತ್ರೀಯವಾಗಿ ಓದಿದವರಲ್ಲಿ ಮೊದಲ ದೊಡ್ಡ ಹೆಸರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ಅವರು ಪಟ್ಟೆಗಲ್ಲು, ಲಾವಾ, ಶಿಸ್ಟ್‌ಗಳ ಈ ಸಮೂಹಕ್ಕೆ ಧಾರವಾಡ ಶಿಲೆಗಳೆಂದು ಹೆಸರಿಟ್ಟರು. ಬಳ್ಳಾರಿ ಜಿಲ್ಲೆಯ ಭೂರಚನೆಯ ಕುರಿತ ಅವರ ಗ್ರಂಥ 1895ರಲ್ಲಿ ಬಂತು. ಗ್ರಾನೈಟ್ ಮತ್ತು ಅದರ ಜಾತಿಯ ಕಲ್ಲುಗಳೇ ಹಳೆಯ ತಳಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಕೂತವು ಎಂಬುದು ಅವರ ಅಭಿಪ್ರಾಯ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಇದನ್ನು ತಿರುವಿ, ಧಾರವಾಡ ಶಿಲೆಗಳೇ ಹಿರಿಯವು, ಉಳಿದವು ಅವುಗಳೊಳಗೆ ನುಗ್ಗಿ ಬಂದವು ಎಂದು ವಾದಿಸಿದರು. ದಶಕಗಟ್ಟಲೆ ನಡೆದ ಈ ಜಗಳವನ್ನು ಜಿರ್ಕಾನ್ ಹರಳಿನೊಳಗಿನ ಯುರೇನಿಯಂ ಮತ್ತು ಸೀಸದ ಲೆಕ್ಕ ಬಗೆಹರಿಸಿತು. ಇಬ್ಬರ ಮಾತಿನಲ್ಲೂ ಸತ್ಯವಿತ್ತು: 300 ಕೋಟಿ ವರ್ಷಕ್ಕೂ ಹಳೆಯ, ಗ್ರಾನೈಟ್ ಜಾತಿಯ ನೈಸ್ ಕಲ್ಲಿನ ತಳಪಾಯವೂ ರಾಜ್ಯದಲ್ಲಿದೆ, ಧಾರವಾಡ ಶಿಲೆಗಳಿಗಿಂತ ಕಿರಿಯ ಗ್ರಾನೈಟೂ ಇದೆ.

ಫೂಟ್ ಕಂಡ ಅದಿರು ಗಣಿಯಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಪಟ್ಟೆಗಲ್ಲಿನಲ್ಲಿ ಕಬ್ಬಿಣ ಶೇಕಡಾ 30ರ ಆಸುಪಾಸು ಮಾತ್ರ. ಲಕ್ಷಾಂತರ ವರ್ಷಗಳ ಮಳೆ ಸಿಲಿಕಾವನ್ನು ಕರಗಿಸಿ ಒಯ್ದಲ್ಲಿ ಉಳಿದದ್ದು ಶೇಕಡಾ 60 ದಾಟಿದ ಹೆಮಟೈಟ್. ಮೇಲೆ ಗಟ್ಟಿ ಕಲ್ಲು, ಅದರಡಿ ಗಣಿಯವರು ಬ್ಲೂ ಡಸ್ಟ್ ಎನ್ನುವ ನುಣ್ಣನೆಯ ಪುಡಿ. ಹಂಪಿಯಲ್ಲಿ ಬಂಡೆ ಬಿಡಿಸಿದ ನೀರೇ ಸಂಡೂರಿನಲ್ಲಿ ಅದಿರು ಸೋಸಿತು. ಘೋರ್ಪಡೆ ಅರಸರ ಸಂಸ್ಥಾನವಾಗಿದ್ದ ಸಂಡೂರಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಬೆಲ್ಜಿಯಂನವರ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ತೆಗೆಯಲು ಶುರು ಮಾಡಿತು. ಸಂಸ್ಥಾನ 1949ರಲ್ಲಿ ಮದ್ರಾಸಿಗೆ, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಕಂಪನಿ ಹುಟ್ಟಿತು. 1977ರಿಂದ ದೋಣಿಮಲೈಯಲ್ಲಿ ಸರ್ಕಾರಿ ಗಣಿ ಕಂಪನಿಯಾದ ಎನ್‌ಎಂಡಿಸಿ ಕಬ್ಬಿಣದ ಅದಿರು ತೆಗೆಯುತ್ತಿದೆ.

2000ದ ನಂತರ ಅದಿರಿನ ಬೆಲೆ ಏರಿದಾಗ ಅಕ್ರಮ ಗಣಿಗಾರಿಕೆ ಹಬ್ಬಿದ್ದು ನಾಡಿಗೆಲ್ಲ ಗೊತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಮತ್ತೆ ಬಿಟ್ಟಿತು. ಸಂಡೂರಿನ ಸ್ವಾಮಿಮಲೈ ಬೆಟ್ಟದ ಮೇಲಿನ ಪಾರ್ವತಿ ಮತ್ತು ಕುಮಾರಸ್ವಾಮಿ ಗುಡಿಗಳು ಸಾವಿರ ವರ್ಷಕ್ಕೂ ಹಳೆಯವು. ಅವುಗಳ ಅಡಿಯಲ್ಲಿರುವುದೂ ಅದಿರೇ ಆದ್ದರಿಂದ ಗುಡಿಗಳ ಸುತ್ತ ಎಷ್ಟು ನೆಲ ಬಿಡಬೇಕೆಂಬ ವಾದ ಇನ್ನೂ ನಡೆದಿದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ನಿರ್ವಹಣೆಗೆಂದು 2002ರ ಕಾಯ್ದೆಯ ಮೇರೆಗೆ ಬಂದ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಗುಡಿಗಳ ಜೊತೆ ಗುಡ್ಡ, ಹೊಳೆ, ಹೊಲಗಳೂ ಇವೆ. ಕಾಪಾಡಬೇಕಾದದ್ದು ಕಟ್ಟಡ ಮಾತ್ರ ಎಂಬ ಹಳೆಯ ತಿಳಿವಳಿಕೆಗಿಂತ ಇದು ಮೇಲು. ದಿಂಬು ಲಾವಾ, ಸ್ಟ್ರೊಮಾಟೊಲೈಟ್‌ಗಳಿರುವ ಸಂಡೂರಿನ ಶಿಲೆಗಳಿಗೂ ಅಂಥ ಆಸರೆ ಸಲ್ಲಬೇಕು. ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಬಹುದು, ಪುಡಿಯಾದ ಕಡಲತಳವನ್ನು ಕಟ್ಟಲಾಗದು.

ಬಂಡೆ ರೂಪುಗೊಳ್ಳುವ ಕೆಲಸವೂ ನಿಂತಿಲ್ಲ. ಕಮಲಾಪುರ, ಕಂಪ್ಲಿಯ ಹೊಲಗಳಲ್ಲಿ ಬಾವಿ ತೋಡಿದಾಗ ಮೇಲ್ಮಣ್ಣಿನ ಕೆಳಗೆ ಮೊದಲು ಗರಸು, ಅದರ ನಡುವೆ ಅಲ್ಲಲ್ಲಿ ಹೂತ ಗುಂಡುಗಳು, ಇನ್ನೂ ಕೆಳಗೆ ಸೀಳುಬಿಟ್ಟ ಅಖಂಡ ಗ್ರಾನೈಟ್ ಸಿಗುತ್ತದೆ. ಬಾವಿಗೆ ನೀರು ಬರುವುದೂ ಆ ಗರಸಿನಿಂದ ಮತ್ತು ಅದೇ ಸೀಳುಗಳಿಂದ.